ಮಕ್ಕಳ ಕಾಲೇಜು ವಿದ್ಯೆಗೆ ಮನೆಯ ಉಳಿತಾಯ

ಸಂಸಾರದ ಖರ್ಚುಗಳಲ್ಲಿ ಎರಡು ಬಗೆಗಳುಂಟು. ಹೇಳದೆ ಕೇಳದೆ ಬರುವುವು ಕೆಲವು; ಮೊದಲೇ ಹೇಳಿ ಬರುವುವು ಕೆಲವು. ಜ್ವರವು ತಾರೀಖು ಹೇಳಿ ಬರುವುದಿಲ್ಲ. ಮಳೆಗೆ ಕುಸಿಯುವ ಗೋಡೆಯು ಮುನ್ಸೂಚನೆ ಕೊಡುವುದಿಲ್ಲ. ಆದರೆ ಮಗುವಿನ ಕಾಲೇಜು ಖರ್ಚು ಹಾಗಲ್ಲ. ತೊಟ್ಟಿಲಲ್ಲಿ ಮಲಗಿರುವ ಕೂಸು ಇನ್ನು ಹದಿನೈದು ಹದಿನಾರು ವರ್ಷಗಳಿಗೆ ಹತ್ತನೆಯ ತರಗತಿಯನ್ನು ದಾಟುವುದೆಂದೂ, ಅದಾದ ಎರಡು ವರ್ಷಗಳಿಗೆ ಪದವಿ ತರಗತಿಯ ಬಾಗಿಲಲ್ಲಿ ನಿಲ್ಲುವುದೆಂದೂ ಬೆರಳು ಮಡಿಚಿ ಯಾರು ಬೇಕಾದರೂ ಹೇಳಬಹುದು. ಇಷ್ಟು ಮುಂಚಿತವಾಗಿ ತಿಳಿಸಿ ಬರುವ ಅತಿಥಿ ಮತ್ತೊಬ್ಬನಿಲ್ಲ. ಹೀಗಿದ್ದೂ ಬಹುಮಂದಿ ಗೃಹಸ್ಥರು ಜೂನ್ ತಿಂಗಳಲ್ಲಿ ಶುಲ್ಕದ ಚೀಟಿ ಕೈಗೆ ಬಂದಾಗಲೇ ಹಣದ ಯೋಚನೆಗೆ ತೊಡಗುವರು. ಬಾಯಾರಿದಾಗ ಬಾವಿ ತೋಡಿದಂತೆ ಎಂಬ ಗಾದೆಯು ಇಂತಹವರನ್ನು ಕಂಡೇ ಹುಟ್ಟಿರಬೇಕು.

ಇದರ ಪರಿಣಾಮವೇನೆಂಬುದನ್ನು ಶಾಲೆಯಲ್ಲಿ ಕೆಲಸಮಾಡುವ ನಾವು ವರ್ಷವರ್ಷವೂ ಕಾಣುತ್ತೇವೆ. ಫಲಿತಾಂಶ ಪ್ರಕಟವಾದ ದಿನ ಸಂತೋಷದಿಂದ ಬಂದು ನಮಸ್ಕರಿಸಿದ ಮಕ್ಕಳಲ್ಲಿ ಕೆಲವರು ಎರಡು ತಿಂಗಳ ಮೇಲೆ ಅಂಗಡಿಯ ಗಲ್ಲಾದ ಮುಂದೆಯೋ, ಹೊಲಿಗೆಯಂತ್ರದ ಮುಂದೆಯೋ ಕುಳಿತಿರುತ್ತಾರೆ. ದುಡಿಮೆ ಹೀನವಾದುದಲ್ಲ, ಆದರೆ ಓದಬಲ್ಲ ಮಗು ಹಣವಿಲ್ಲವೆಂಬ ಒಂದೇ ಕಾರಣದಿಂದ ಓದನ್ನು ಬಿಡುವುದು ನಷ್ಟವೇ ಸರಿ. ಮೇಲಾಗಿ, ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಒಬ್ಬರಿಗಾಗುವಷ್ಟೇ ಹಣವಿದ್ದರೆ ಹಿಂದೆ ಸರಿಯಬೇಕಾದವಳು ಸಾಮಾನ್ಯವಾಗಿ ಹುಡುಗಿಯೇ. ಹೀಗಾಗದಂತೆ ಅಲ್ಪ ವರಮಾನದ ಮನೆಯೂ ಹೇಗೆ ಸಿದ್ಧವಾಗಬಹುದೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ. ವಿದ್ಯಾರ್ಥಿಗಳಿಗೆ ಇದರಿಂದೇನು ಎಂದು ಕೇಳಬಾರದು. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಬ್ಯಾಂಕಿನ ಕಾಗದವನ್ನು ಓದಿ ಹೇಳುವವರು ನೀವೇ. ಓದಿ, ಲೆಕ್ಕಹಾಕಿ, ತಾಯಿತಂದೆಗಳ ಮುಂದೆ ಇಡುವ ಕಾರ್ಯವೂ ನಿಮ್ಮದೇ.

ಹಿಂದಿನವರು ನಡೆಸಿದ ರೀತಿ

ಈ ಊರಿಗೂ ಕನ್ನಡಿಗರ ಉನ್ನತ ವಿದ್ಯೆಗೂ ಹಳೆಯ ನಂಟಿದೆ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಬೀದರ, ಕಲಬುರಗಿ, ರಾಯಚೂರು ಸೀಮೆಗಳು ಆಗ ಹೈದರಾಬಾದು ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು. ಕಲಬುರಗಿಯಲ್ಲಿ ವಿಶ್ವವಿದ್ಯಾಲಯವಾದುದು 1980ರಲ್ಲಿ. ಆದುದರಿಂದ ಪದವಿಯನ್ನು ಬಯಸಿದ ಆ ಸೀಮೆಯ ತರುಣರು ಬುತ್ತಿ ಕಟ್ಟಿಕೊಂಡು ಈ ನಗರಕ್ಕೆ ಬರುವುದು ರೂಢಿಯಾಗಿತ್ತು.

ಕನ್ನಡನಾಡಿನ ಪಟ್ಟಣಗಳಲ್ಲಿ ಬಡ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದುದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಗಳ ಅನ್ನವನ್ನುಂಡು ಓದಿ ದೊಡ್ಡವರಾದವರು ಅನೇಕರು. ಇಂದು ಆ ಪದ್ಧತಿ ಉಳಿದಿಲ್ಲ. ಉಳಿದಿದ್ದರೂ ಕಾಲೇಜಿನ ಶುಲ್ಕವನ್ನು ಅದು ತುಂಬಲಾರದು. ಊರು ಬಿಟ್ಟು ಬಂದ ನಮ್ಮಂತಹವರಿಗಂತೂ ಕಷ್ಟಕಾಲದಲ್ಲಿ ಮಾರಲು ಹೊಲವಿಲ್ಲ, ಕೈಗಡ ಕೊಡಲು ಸೋದರಮಾವನ ಮನೆ ಪಕ್ಕದ ಓಣಿಯಲ್ಲಿಲ್ಲ. ಸಮಾಜವು ಹೊರುತ್ತಿದ್ದ ಭಾರವನ್ನು ಈಗ ಸಂಸಾರವೇ ಹೊರಬೇಕಾಗಿದೆ. ಒಂದೇ ಸಲಕ್ಕೆ ಹೊರಲಾರದ ಭಾರವನ್ನು ಕಂತುಗಳಾಗಿ ಒಡೆದು ಹೊರುವುದೇ ಉಳಿತಾಯ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮವಾದ ದೃಷ್ಟಾಂತವಿದೆ. 1925ರಲ್ಲಿ ಉಡುಪಿಯಲ್ಲಿ ಡಾಕ್ಟರ್ ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು ಸೇರಿ ಒಂದು ಬ್ಯಾಂಕನ್ನು ಆರಂಭಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಎಂಬ ಕ್ರಮವನ್ನು ಜಾರಿಗೆ ತಂದರು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಹಣವನ್ನೂ ಪಡೆದು ಲೆಕ್ಕ ಬರೆಯುತ್ತಿದ್ದನು. ರೂಪಾಯಿಗೆ ಹದಿನಾರಾಣೆ. ದಿನಕ್ಕೆರಡಾಣೆಯಂತೆ 365 ದಿನಗಳಿಗೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಅಂದಿನ ಕೂಲಿಕಾರನಿಗೆ ಒಟ್ಟಿಗೆ 45 ರೂಪಾಯಿ ಕೊಡೆಂದರೆ ಅಸಾಧ್ಯದ ಮಾತು. ಎರಡಾಣೆ ಎತ್ತಿಡುವುದು ಸಾಧ್ಯವಾಗುತ್ತಿತ್ತು. ಇದೇ ಡಾಕ್ಟರ್ ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಮಂಗಳೂರಿನಲ್ಲಿಯೂ ಹೀಗೆಯೇ. 1891ರಲ್ಲಿ ಕೆನರಾ ಹೈಸ್ಕೂಲನ್ನು ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಯವರೇ 1906ರಲ್ಲಿ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು ಸ್ಥಾಪಿಸಿದವರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಣದ ಪೆಟ್ಟಿಗೆಯನ್ನೂ ವಿದ್ಯೆಯ ಶಾಲೆಯನ್ನೂ ಒಂದೇ ಕೈಗಳು ಕಟ್ಟಿದುದು ಆಕಸ್ಮಿಕವಲ್ಲ. ಒಂದಿಲ್ಲದೆ ಇನ್ನೊಂದು ನಿಲ್ಲದೆಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು.

ಗಂಡಿಪೇಟೆಯ ಪಾಠ

ನಮ್ಮ ನಗರದ ಚರಿತ್ರೆಯಲ್ಲಿಯೂ ಇದಕ್ಕೊಂದು ಪಾಠವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹರಿದು ಸಾವಿರಾರು ಜನರನ್ನು ಆಹುತಿ ತೆಗೆದುಕೊಂಡಿತು. ಆ ಬಳಿಕ ನಿಜಾಮ ಸರಕಾರದ ಕೋರಿಕೆಯಂತೆ ಇಲ್ಲಿಗೆ ಬಂದವರು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ನಗರದ ಮೇಲ್ಭಾಗದಲ್ಲಿ ನದಿಯ ನೀರನ್ನು ತಡೆದು ಜಲಾಶಯಗಳಲ್ಲಿ ನಿಲ್ಲಿಸಬೇಕೆಂದು ಅವರು ಸಲಹೆಯಿತ್ತರು. ಆ ವಿಚಾರದ ಫಲವಾಗಿ ಗಂಡಿಪೇಟೆ ಎಂದು ಜನರು ಕರೆಯುವ ಉಸ್ಮಾನ್ ಸಾಗರವು 1920ರಲ್ಲಿಯೂ, ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣವಾದವು. ಮಳೆಗಾಲದಲ್ಲಿ ಮನೆಗಳನ್ನು ಕೊಚ್ಚಿಕೊಂಡು ಹೋಗುತ್ತಿದ್ದ ಅದೇ ನೀರು ಬೇಸಗೆಯಲ್ಲಿ ಕೊಡಗಳನ್ನು ತುಂಬುವಂತಾಯಿತು. ನೀರು ಹೊಸದಾಗಿ ಹುಟ್ಟಲಿಲ್ಲ. ಅದಕ್ಕೆ ನಿಲ್ಲಲು ಒಂದು ಎಡೆ ದೊರೆಯಿತು, ಅಷ್ಟೆ.

ಮನೆಯ ವರಮಾನವೂ ಹೊಳೆಯಂತೆಯೇ. ಆಟೋ ಓಡಿಸುವವನಿಗೆ ಹಬ್ಬದ ವಾರದಲ್ಲಿ ಹೆಚ್ಚು, ಬೇರೆ ವಾರದಲ್ಲಿ ಕಡಿಮೆ. ಜೋಳದ ರೊಟ್ಟಿ ಬಡಿದು ಮಾರುವ ತಾಯಿಗೆ ಮದುವೆಯ ತಿಂಗಳುಗಳಲ್ಲಿ ಕೈತುಂಬ ಕೆಲಸ. ನೌಕರನಿಗೆ ವರ್ಷಕ್ಕೊಮ್ಮೆ ಬೋನಸ್ಸು. ಬಂದ ಕಾಲದಲ್ಲಿ ತಡೆದು ನಿಲ್ಲಿಸುವ ಒಡ್ಡಿಲ್ಲವಾದರೆ ಅದು ಹರಿದು ಹೋಗುತ್ತದೆ; ಜೂನ್ ತಿಂಗಳಲ್ಲಿ ಹೊಳೆ ಬತ್ತಿರುತ್ತದೆ.

ವಿಶ್ವೇಶ್ವರಯ್ಯನವರು ತಾವೇ ಹಣದ ಕೊರತೆಯಲ್ಲಿ ಓದಿದವರೆಂಬುದನ್ನೂ ಇಲ್ಲಿ ನೆನೆಯಬೇಕು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಮನೆಪಾಠ ಹೇಳಿ ಸಂಪಾದಿಸುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ನಡೆಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು. ಅಷ್ಟು ಬುದ್ಧಿಯೂ ಛಲವೂ ಇದ್ದವರಿಗೂ ಕೈಯಾಸರೆ ಬೇಕಾಯಿತು. ಸಾಮಾನ್ಯರಾದ ನಮ್ಮ ಮಕ್ಕಳಿಗೆ ಅದು ಬೇಡವೆಂದು ಹೇಳುವುದು ಹೇಗೆ?

ಕಾಲವೆಂಬ ಸಹಾಯಕ

ಉಳಿತಾಯದಲ್ಲಿ ಇಬ್ಬರು ದುಡಿಯುತ್ತಾರೆ. ಒಬ್ಬನು ಹಣ ಕಟ್ಟುವವನು, ಇನ್ನೊಬ್ಬನು ಕಾಲ. ಚಕ್ರಬಡ್ಡಿಯ ಪಾಠವನ್ನು ಗಣಿತದಲ್ಲಿ ನೀವು ಕಲಿತಿರುವಿರಿ ಅಥವಾ ಮುಂದೆ ಕಲಿಯುವಿರಿ. ಶೇಕಡಾ 7ರಂತೆ 1,000 ರೂಪಾಯಿ ಮೊದಲ ವರ್ಷದ ಕೊನೆಗೆ 1,070 ಆಗುತ್ತದೆ. ಎರಡನೆಯ ವರ್ಷ 1,144 ರೂಪಾಯಿ 90 ಪೈಸೆ. ಮೂರನೆಯ ವರ್ಷ 1,225 ರೂಪಾಯಿ 4 ಪೈಸೆ. ಬಡ್ಡಿಗೂ ಬಡ್ಡಿ ಹುಟ್ಟುವುದರಿಂದ ಪ್ರತಿ ವರ್ಷದ ಬೆಳವಣಿಗೆಯು ಹಿಂದಿನ ವರ್ಷಕ್ಕಿಂತ ಹೆಚ್ಚು. ಹಣವು ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುವುದೆಂದು ತಿಳಿಯಲು ಸುಲಭ ಸೂತ್ರವೊಂದುಂಟು: 72ನ್ನು ಬಡ್ಡಿಯ ದರದಿಂದ ಭಾಗಿಸಬೇಕು. ಶೇಕಡಾ 4 ಆದರೆ ಸುಮಾರು 18 ವರ್ಷ. ಶೇಕಡಾ 8 ಆದರೆ ಸುಮಾರು 9 ವರ್ಷ.

ಈಗ ಮೂರು ಮನೆಗಳನ್ನು ಊಹಿಸಿಕೊಳ್ಳಿರಿ. ಮೂವರಿಗೂ ಮಗುವಿನ 17ನೆಯ ವಯಸ್ಸಿಗೆ 1,61,000 ರೂಪಾಯಿ ಬೇಕು. ಬಡ್ಡಿ ಶೇಕಡಾ 7 ಎಂದೂ, ಪ್ರತಿ ವರ್ಷದ ಆರಂಭದಲ್ಲಿ ಹಣ ಕಟ್ಟುವರೆಂದೂ ಪಾಠದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ.

ಮೊದಲನೆಯ ಮನೆಯವರು ಮಗುವಿನ 2ನೆಯ ವಯಸ್ಸಿನಲ್ಲಿ ಆರಂಭಿಸಿದರು. ಅವರಿಗೆ 15 ವರ್ಷಗಳ ಅವಕಾಶ. ವರ್ಷಕ್ಕೆ 6,000, ಅಂದರೆ ತಿಂಗಳಿಗೆ 500 ರೂಪಾಯಿಯ ಸರಾಸರಿಯಲ್ಲಿ ಕಟ್ಟಿದರೆ ಸಾಕು. ಅವರು ಕಟ್ಟಿದ ಒಟ್ಟು ಹಣ 90,000, ಉಳಿದುದು ಬಡ್ಡಿ.

ಎರಡನೆಯ ಮನೆಯವರು 7ನೆಯ ವಯಸ್ಸಿನಲ್ಲಿ ಆರಂಭಿಸಿದರು. ಅವಕಾಶ 10 ವರ್ಷ. ವರ್ಷಕ್ಕೆ ಸುಮಾರು 10,900 ಕಟ್ಟಬೇಕು. ಅಂದರೆ ತಿಂಗಳಿಗೆ 900ಕ್ಕೂ ಹೆಚ್ಚು. ಒಟ್ಟು 1,09,000.

ಮೂರನೆಯ ಮನೆಯವರು 12ನೆಯ ವಯಸ್ಸಿನಲ್ಲಿ ಎಚ್ಚತ್ತರು. ಅವಕಾಶ 5 ವರ್ಷ. ವರ್ಷಕ್ಕೆ ಸುಮಾರು 26,200. ತಿಂಗಳಿಗೆ ಹೆಚ್ಚು ಕಡಿಮೆ 2,180. ಒಟ್ಟು 1,31,000.

ಗುರಿ ಒಂದೇ, ಆದರೆ ಹತ್ತು ವರ್ಷ ತಡಮಾಡಿದವರು 41,000 ರೂಪಾಯಿ ಹೆಚ್ಚು ಕಟ್ಟಬೇಕಾಯಿತು. ಅದಕ್ಕಿಂತಲೂ ಮುಖ್ಯವಾದುದೆಂದರೆ, ತಿಂಗಳಿಗೆ 500 ರೂಪಾಯಿಯನ್ನು ಎತ್ತಿಡಬಲ್ಲ ಮನೆಗಳು ಬಹಳ; 2,180 ಎತ್ತಿಡಬಲ್ಲ ಮನೆಗಳು ಕಡಿಮೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಹಣ ಬೆಳೆಯುವಂತೆ ಶುಲ್ಕವೂ ಬೆಳೆಯುತ್ತದೆ. ವರ್ಷಕ್ಕೆ ಶೇಕಡಾ 6ರಂತೆ ಬೆಲೆಯೇರಿದರೆ, ಮೇಲಿನ ಸೂತ್ರದಂತೆಯೇ, ಇಂದು 50,000 ರೂಪಾಯಿ ಹಿಡಿಯುವ ವಿದ್ಯೆಯು 12 ವರ್ಷಗಳ ಮೇಲೆ 1 ಲಕ್ಷ ಹಿಡಿಯುತ್ತದೆ. ಬಡ್ಡಿಯಲ್ಲಿ ಹೆಚ್ಚು ಪಾಲು ಬೆಲೆಯೇರಿಕೆಯನ್ನು ಸರಿಗಟ್ಟುವುದಕ್ಕೇ ಹೋಗುವುದು. ಆದುದರಿಂದ ಒಮ್ಮೆ ಗೊತ್ತುಮಾಡಿದ ಕಂತನ್ನೇ ಹದಿನೈದು ವರ್ಷ ಹಿಡಿದಿರದೆ, ವರಮಾನ ಹೆಚ್ಚಿದಂತೆಲ್ಲ ಕಂತನ್ನೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಬೇಕು. ಹಣವನ್ನು ಮಣ್ಣಿನ ಗೋಲಕದಲ್ಲಿಯೇ ಇಟ್ಟವರಿಗಂತೂ ವರ್ಷ ಕಳೆದಂತೆ ಅದರ ಬೆಲೆ ಕುಗ್ಗುತ್ತದೆ. ಗೋಲಕವು ಅಭ್ಯಾಸಕ್ಕೆ ಒಳ್ಳೆಯದು. ಹದಿನೈದು ವರ್ಷದ ನಿಧಿಗೆ ತಕ್ಕುದಲ್ಲ.

ಹಣವನ್ನು ಎಲ್ಲಿಡಬೇಕು?

ಹಣ ಇಡುವ ಸ್ಥಳವನ್ನು ಆರಿಸುವಾಗ ಮೂರು ಪ್ರಶ್ನೆಗಳನ್ನು ಕೇಳಬೇಕು. ಹಣ ಭದ್ರವೆ? ಬೇಕಾದ ವರ್ಷದಲ್ಲಿ ಕೈಗೆ ಬರುವುದೆ? ಬಡ್ಡಿ ಎಷ್ಟು? ಈ ಪ್ರಶ್ನೆಗಳನ್ನು ಈ ಅನುಕ್ರಮದಲ್ಲಿಯೇ ಕೇಳಬೇಕು. ಬಡ್ಡಿಯನ್ನು ಮೊದಲು ಕೇಳಿದವರು ಅಸಲನ್ನೂ ಕಳೆದುಕೊಂಡ ಉದಾಹರಣೆಗಳು ಬೇಕಾದಷ್ಟಿವೆ.

ಅಂಚೆ ಕಛೇರಿಯ ಉಳಿತಾಯ ಬ್ಯಾಂಕು ನಮ್ಮ ದೇಶದಲ್ಲಿ 1882ರಿಂದ ನಡೆದು ಬಂದಿದೆ. ಅಲ್ಲಿಟ್ಟ ಹಣಕ್ಕೆ ಸರಕಾರವೇ ಹೊಣೆ. ತಿಂಗಳಿಗೆ 100 ರೂಪಾಯಿಯಿಂದ ಆರಂಭಿಸಬಹುದಾದ ಐದು ವರ್ಷದ ಆವರ್ತಕ ಠೇವಣಿಯು, ಅಂದರೆ ಆರ್.ಡಿ.ಯು, ಚಿಕ್ಕ ವರಮಾನದವರಿಗೆ ಅನುಕೂಲವಾದುದು.

1968ರಲ್ಲಿ ಆರಂಭವಾದ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿ.ಪಿ.ಎಫ್., 15 ವರ್ಷದ ಅವಧಿಯದು. ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ ಕಟ್ಟಬಹುದು. ಏಳನೆಯ ವರ್ಷದಿಂದ ಸ್ವಲ್ಪ ಭಾಗವನ್ನು ಹಿಂತೆಗೆಯಲು ಅವಕಾಶವುಂಟು. ಸುಲಭವಾಗಿ ಮುಟ್ಟಲಾಗದಿರುವುದೇ ಇದರ ಗುಣ.

ಹೆಣ್ಣುಮಕ್ಕಳಿಗಾಗಿ 2015ರ ಜನವರಿಯಲ್ಲಿ ಸುಕನ್ಯಾ ಸಮೃದ್ಧಿ ಎಂಬ ಖಾತೆಯು ಆರಂಭವಾಯಿತು. ಹುಡುಗಿಗೆ 10 ವರ್ಷ ತುಂಬುವುದರೊಳಗೆ ಖಾತೆಯನ್ನು ತೆರೆಯಬೇಕು. ವರ್ಷಕ್ಕೆ ಕನಿಷ್ಠ 250 ರೂಪಾಯಿಯಂತೆ 15 ವರ್ಷ ಕಟ್ಟಬೇಕು; ಖಾತೆಯು ತೆರೆದ 21 ವರ್ಷಕ್ಕೆ ಪಕ್ವವಾಗುತ್ತದೆ. ಆದರೆ ಹುಡುಗಿಗೆ 18 ತುಂಬಿದಾಗ ಅಥವಾ ಹತ್ತನೆಯ ತರಗತಿ ತೇರ್ಗಡೆಯಾದಾಗ, ಉನ್ನತ ವಿದ್ಯೆಗಾಗಿ ಅರ್ಧದವರೆಗೆ ಹಿಂಪಡೆಯಬಹುದು. 2024ರ ಜನವರಿಯಲ್ಲಿ ಇದರ ಬಡ್ಡಿಯನ್ನು ಶೇಕಡಾ 8.2 ಎಂದು ಗೊತ್ತುಮಾಡಲಾಯಿತು. ಇಂತಹ ಉಳಿತಾಯಗಳ ದರವನ್ನು ಸರಕಾರವು ಮೂರು ತಿಂಗಳಿಗೊಮ್ಮೆ ಪ್ರಕಟಿಸುವುದರಿಂದ, ಕಟ್ಟುವ ಮುನ್ನ ಅಂಚೆ ಕಛೇರಿಯಲ್ಲಿ ವಿಚಾರಿಸಬೇಕು. ಈ ಖಾತೆಯ ಹಣವನ್ನು ಬರಿಯ ಮದುವೆಯ ಗಂಟೆಂದು ತಿಳಿಯುವವರು ಬಹಳ. ವಿದ್ಯೆಗೂ ಅದು ಮೀಸಲೆಂಬುದನ್ನು ಹುಡುಗಿಯರೇ ಮನೆಯಲ್ಲಿ ತಿಳಿಯಹೇಳಬೇಕು.

ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆಯುಂಟು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿ ಠೇವಣಿದಾರರು ಕಂಗೆಟ್ಟ ಮೇಲೆ, 1962ರ ಜನವರಿ 1ರಿಂದ ಈ ವಿಮೆಯು ಜಾರಿಗೆ ಬಂದಿತು. ಆಗ ಅದರ ಮಿತಿ 1,500 ರೂಪಾಯಿ. 2020ರ ಫೆಬ್ರವರಿಯಲ್ಲಿ ಅದನ್ನು 5 ಲಕ್ಷಕ್ಕೆ ಏರಿಸಲಾಯಿತು. ಬ್ಯಾಂಕಿನಲ್ಲಿ ಇಟ್ಟ ಹಣಕ್ಕೆ ಮಾತ್ರ ಈ ರಕ್ಷಣೆ. ವರ್ಷಕ್ಕೆ ಇಮ್ಮಡಿ ಕೊಡುತ್ತೇವೆಂದು ಬೀದಿಯಲ್ಲಿ ಕಛೇರಿ ತೆರೆದವರ ಕೈಗಿತ್ತ ಹಣಕ್ಕೆ ಯಾವ ರಕ್ಷಣೆಯೂ ಇಲ್ಲ. ಹಾಗೆ ಅನುಮತಿಯಿಲ್ಲದೆ ಠೇವಣಿ ಎತ್ತುವುದನ್ನು 2019ರ ಕಾಯಿದೆಯು ನಿಷೇಧಿಸಿದೆ. ಆದರೂ ಕಾಯಿದೆಯು ಬರುವಷ್ಟರಲ್ಲಿ ಕಛೇರಿಗೆ ಬೀಗ ಬಿದ್ದಿರಬಹುದು.

ಚೀಟಿಯ ವಿಚಾರವನ್ನು ಹೇಳದೆ ಹೈದರಾಬಾದಿನ ಉಳಿತಾಯದ ಮಾತು ಮುಗಿಯದು. 20 ಜನರು ತಿಂಗಳಿಗೆ 1,000ದಂತೆ 20 ತಿಂಗಳು ಕಟ್ಟುವ ಚೀಟಿಯನ್ನು ತೆಗೆದುಕೊಳ್ಳಿರಿ. ತಿಂಗಳಿಗೆ 20,000 ಕೂಡುತ್ತದೆ. ಹರಾಜಿನಲ್ಲಿ ಒಬ್ಬನು 4,000 ಬಿಟ್ಟುಕೊಟ್ಟು 16,000ಕ್ಕೆ ಚೀಟಿಯನ್ನು ಎತ್ತಿದನೆನ್ನೋಣ. ನಡೆಸುವವನ ದಲ್ಲಾಳಿ ಶೇಕಡಾ 5ರಂತೆ 1,000. ಉಳಿದ 3,000ವನ್ನು 20 ಜನರಿಗೆ ಹಂಚಿದರೆ ತಲೆಗೆ 150. ಮೊದಲು ಎತ್ತಿದವನಿಗೆ ಇದು ಸಾಲ. ಕೊನೆಗೆ ಎತ್ತಿದವನಿಗೆ ಮಾತ್ರ ಉಳಿತಾಯ. 1982ರ ಚಿಟ್ ಫಂಡು ಕಾಯಿದೆಯಂತೆ ನೋಂದಾಯಿತವಾದ ಚೀಟಿಗೆ ಲೆಕ್ಕವೂ ಮೇಲ್ವಿಚಾರಣೆಯೂ ಉಂಟು. ಬರಿಯ ಪರಿಚಯದ ಮೇಲೆ ನಡೆಯುವ ಚೀಟಿಯಲ್ಲಿ ನಡೆಸುವವರು ಊರು ಬಿಟ್ಟರೆ ಕೇಳುವವರಾರು? ಮಗುವಿನ ವಿದ್ಯೆಯ ಹಣವನ್ನು ಅಂತಹ ಕಡೆ ಇಡಬಾರದು.

ಬಂಗಾರವು ನಮ್ಮ ತಾಯಂದಿರ ಬ್ಯಾಂಕು. ಆಪತ್ಕಾಲಕ್ಕೆ ಅದು ಒದಗುವುದು ನಿಜ. ಆದರೆ ಒಡವೆಯನ್ನು ಕೊಳ್ಳುವಾಗ ಕೊಟ್ಟ ಮಜೂರಿ ಮಾರುವಾಗ ಹಿಂದಿರುಗುವುದಿಲ್ಲ. ಬೆಲೆಯು ಏರುವಂತೆ ಇಳಿಯುವುದೂ ಉಂಟು. ಆದುದರಿಂದ ಅದನ್ನೊಂದನ್ನೇ ನೆಚ್ಚಬಾರದು.

ದುಡಿಯುವವರು ಒಬ್ಬರೇ ಇರುವ ಮನೆಯಲ್ಲಿ ಆ ಒಬ್ಬರಿಗೆ ಜೀವವಿಮೆ ಅಗತ್ಯ. ಉಳಿತಾಯವು ಹದಿನೈದು ವರ್ಷ ನಡೆಯಬೇಕಾದರೆ ಕಟ್ಟುವವರು ಹದಿನೈದು ವರ್ಷ ಇರಬೇಕಷ್ಟೆ. ಪ್ರತಿ ಖಾತೆಗೂ ವಾರಸುದಾರರ ಹೆಸರನ್ನು ಬರೆಸಿರಬೇಕು. ಕಾಗದಗಳನ್ನೆಲ್ಲ ಒಂದೇ ಕಡೆ ಇಟ್ಟು, ಎಲ್ಲಿವೆಯೆಂಬುದನ್ನು ತಾಯಿಗೂ ಹಿರಿಯ ಮಗುವಿಗೂ ತಿಳಿಸಿರಬೇಕು.

ಎತ್ತಿಡುವ ರೀತಿ

ಖರ್ಚು ಮಾಡಿ ಉಳಿದುದನ್ನು ಇಡುತ್ತೇವೆಂದವರ ಮನೆಯಲ್ಲಿ ಉಳಿಯುವುದು ಅಪರೂಪ. ನಮ್ಮ ಹಿರಿಯ ಹೆಂಗಸರು ಮುಷ್ಟಿ ಅಕ್ಕಿ ಎತ್ತಿಡುತ್ತಿದ್ದ ರೀತಿಯನ್ನು ನೆನಪುಮಾಡಿಕೊಳ್ಳಿರಿ. ಅನ್ನವಾದ ಮೇಲೆ ಮಿಕ್ಕುದನ್ನಲ್ಲ, ಎಸರಿಗೆ ಅಕ್ಕಿ ಹಾಕುವ ಮೊದಲೇ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುತ್ತಿದ್ದರು. ಅದರಿಂದ ಅಂದಿನ ಊಟಕ್ಕೆ ಕೊರತೆಯಾಗುತ್ತಿರಲಿಲ್ಲ. ತಿಂಗಳಿಗೆ ಮಡಕೆ ತುಂಬುತ್ತಿತ್ತು. ಸಂಬಳವೋ ಕೂಲಿಯೋ ಕೈಗೆ ಬಂದ ದಿನವೇ ವಿದ್ಯೆಯ ಹಿಡಿಯನ್ನು ಬೇರೆ ಮಾಡಬೇಕು.

ಆ ಹಣಕ್ಕೆ ಪ್ರತ್ಯೇಕ ಖಾತೆಯಿರಬೇಕು. ಮನೆಯ ಖರ್ಚು, ಕಾಯಿಲೆ, ಮದುವೆ, ವಿದ್ಯೆ ಇವೆಲ್ಲಕ್ಕೂ ಒಂದೇ ಗಂಟಿದ್ದರೆ ಮೊದಲು ಬಂದ ಖರ್ಚು ಗಂಟನ್ನು ಬಿಚ್ಚುತ್ತದೆ. ಕಾಯಿಲೆಗೆಂದು ಒಂದು ಚಿಕ್ಕ ಮೊತ್ತವನ್ನು ಬೇರೆ ಇಟ್ಟವರಿಗೆ ವಿದ್ಯೆಯ ನಿಧಿಯನ್ನು ಮುಟ್ಟುವ ಪ್ರಸಂಗ ಕಡಿಮೆ. ಮಕ್ಕಳಿಬ್ಬರಾದರೆ ಖಾತೆಯೂ ಎರಡಿರಲಿ. ಮಗಳ ಹಣದಿಂದ ಮಗನ ಶುಲ್ಕವನ್ನು ಕಟ್ಟುವ ಆಸೆಗೆ ಅದೊಂದು ತಡೆ.

ತಡವಾದವರು ಏನು ಮಾಡಬೇಕು?

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಈಗಾಗಲೇ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿರುವಿರಿ. ನಮ್ಮ ಮನೆಯಲ್ಲಿ ಏನೂ ಕೂಡಿಟ್ಟಿಲ್ಲವಲ್ಲ ಎಂದು ಕೆಲವರಿಗೆ ಚಿಂತೆಯಾಗಬಹುದು. ಹತಾಶರಾಗಬೇಕಾಗಿಲ್ಲ. ಎರಡು ವರ್ಷ ತಿಂಗಳಿಗೆ 500ರಂತೆ ಕೂಡಿದರೂ ಬಡ್ಡಿಯ ಹೊರತು 12,000 ಆಗುತ್ತದೆ; ಪ್ರವೇಶದ ದಿನಗಳಲ್ಲಿ ಕೈಸಾಲದ ಅವಮಾನವನ್ನು ಅದು ತಪ್ಪಿಸುವುದು.

ಎಂಟನೆಯ ತರಗತಿಯವರು ರಾಷ್ಟ್ರೀಯ ಆದಾಯ ಮತ್ತು ಅರ್ಹತಾ ವಿದ್ಯಾರ್ಥಿವೇತನದ ಪರೀಕ್ಷೆಯನ್ನು ಅವಶ್ಯವಾಗಿ ಬರೆಯಬೇಕು. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ, ವಾರ್ಷಿಕ ವರಮಾನ ಮೂರೂವರೆ ಲಕ್ಷ ರೂಪಾಯಿ ಮೀರದ ಮನೆಯ ಮಕ್ಕಳಿಗೆ ಇದು ಮೀಸಲು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000ದಂತೆ ನಾಲ್ಕು ವರ್ಷಕ್ಕೆ 48,000 ರೂಪಾಯಿ ದೊರೆಯುತ್ತದೆ. ಅದನ್ನು ಹಬ್ಬದ ಬಟ್ಟೆಗೆ ಕರಗಿಸದೆ ಪದವಿಗಾಗಿ ಇಟ್ಟುಕೊಂಡವರು ಜಾಣರು.

ಮಾರ್ಗಗಳನ್ನೂ ಅರಿತಿರಬೇಕು. ಸರಕಾರಿ ಜೂನಿಯರ್ ಕಾಲೇಜಿನಲ್ಲಿ ಖಾಸಗಿ ಕಾಲೇಜಿಗಿಂತ ಖರ್ಚು ಬಹಳ ಕಡಿಮೆ. ಹತ್ತನೆಯ ತರಗತಿಯ ಬಳಿಕ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಪಡೆದು ಮುಂದೆ ಇಂಜಿನಿಯರಿಂಗ್ ಓದುವ ದಾರಿಯುಂಟು. ದುಡಿಯುತ್ತ ಓದಬೇಕಾದವರಿಗೆ 1982ರಲ್ಲಿ ಈ ನಗರದಲ್ಲಿಯೇ ಸ್ಥಾಪಿತವಾದ, ದೇಶದ ಮೊದಲನೆಯ ಮುಕ್ತ ವಿಶ್ವವಿದ್ಯಾಲಯವಿದೆ. ಅದಕ್ಕೆ ಈಗ ಡಾಕ್ಟರ್ ಬಿ. ಆರ್. ಅಂಬೇಡ್ಕರರ ಹೆಸರು. ಇಷ್ಟಾದರೂ ಸಾಲದೆ ಹೋದರೆ ಬ್ಯಾಂಕಿನ ವಿದ್ಯಾಸಾಲವುಂಟು. ಅದನ್ನು ಕೊನೆಯಲ್ಲಿ ಕೇಳಬೇಕೇ ಹೊರತು ಮೊದಲಲ್ಲಿ ಅಲ್ಲ. ಉಳಿತಾಯದಲ್ಲಿ ಬಡ್ಡಿಯು ನಮ್ಮ ಕಡೆ ದುಡಿಯುತ್ತದೆ. ಸಾಲದಲ್ಲಿ ಅದೇ ಬಡ್ಡಿಯು ನಮ್ಮ ಎದುರು ದುಡಿಯುತ್ತದೆ. ಅರ್ಧ ಹಣ ಕೂಡಿಟ್ಟವನು ಅರ್ಧಕ್ಕೆ ಮಾತ್ರ ಸಾಲ ಮಾಡಿದರೆ ಸಾಕಲ್ಲವೆ?

ವಿದ್ಯಾರ್ಥಿಗಳ ಪಾಲು

ಮನೆಯವರು ಮಾತ್ರ ಕೂಡಿಸಿ, ಮಕ್ಕಳು ಕರಗಿಸುತ್ತ ಹೋದರೆ ಒಡ್ಡು ನಿಲ್ಲದು. 2014ರಲ್ಲಿ ರಿಸರ್ವ್ ಬ್ಯಾಂಕು 10 ವರ್ಷ ಮೀರಿದ ಮಕ್ಕಳು ತಾವೇ ಉಳಿತಾಯ ಖಾತೆಯನ್ನು ನಡೆಸಲು ಬ್ಯಾಂಕುಗಳಿಗೆ ಅವಕಾಶವಿತ್ತಿತು. ಹಬ್ಬಕ್ಕೆ ಅಜ್ಜ ಕೊಟ್ಟ ಹಣ, ಸ್ಪರ್ಧೆಯಲ್ಲಿ ಗೆದ್ದ ಹಣ ಅಲ್ಲಿ ಸೇರಲಿ. ಹಿಂದಿನ ವರ್ಷದ ಪುಸ್ತಕಗಳನ್ನು ಕೆಳಗಿನ ತರಗತಿಯವರಿಗೆ ಕೊಟ್ಟು, ಮೇಲಿನ ತರಗತಿಯವರಿಂದ ಪಡೆಯುವ ರೂಢಿಯನ್ನು ಬೆಳೆಸಿಕೊಳ್ಳಿರಿ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬುದು ಕಂಠಪಾಠಕ್ಕೆ ಮಾತ್ರ ಇರುವ ಗಾದೆಯಲ್ಲ.

ಹಾಗೆಂದು ಜಿಪುಣತನವನ್ನು ನಾವು ಬೋಧಿಸುತ್ತಿಲ್ಲ. ಹಸಿದ ಗೆಳೆಯನಿಗೆ ತಿಂಡಿ ಕೊಡಿಸಿದ ಹಣ ವ್ಯರ್ಥವಾದುದಲ್ಲ. ಓದಲೆಂದು ಕೊಂಡ ಒಳ್ಳೆಯ ಪುಸ್ತಕವೂ ವ್ಯರ್ಥವಲ್ಲ. ಹೊಟ್ಟೆಗೆ ಕಡಿಮೆ ಮಾಡಿ ಉಳಿಸಬೇಕೆಂಬುದೂ ಸಲ್ಲದು. ಅಗತ್ಯವಾವುದು, ಆಡಂಬರವಾವುದು ಎಂಬ ವಿವೇಕವಿದ್ದರೆ ಸಾಕು.

ಈ ವಾರವೇ ಒಂದು ಹಾಳೆಯನ್ನು ತೆಗೆದುಕೊಂಡು ಮನೆಯ ಹಿರಿಯರೊಡನೆ ಕುಳಿತುಕೊಳ್ಳಿರಿ. ಮನೆಯ ಪ್ರತಿಯೊಂದು ಮಗುವಿನ ಹೆಸರನ್ನೂ ಬರೆದು, ಅದರ ಎದುರು ಅದು ಕಾಲೇಜು ಸೇರುವ ವರ್ಷವನ್ನು ಬರೆಯಿರಿ. ಇನ್ನೆಷ್ಟು ವರ್ಷವಿದೆಯೆಂದು ಕಳೆದು ನೋಡಿರಿ. ಆ ಅಂಕಿಯನ್ನು ಕಂಡ ತಾಯಿತಂದೆಗಳಿಗೆ ಬೇರೆ ಉಪದೇಶದ ಅವಶ್ಯಕತೆಯಿರದು.

ಅಭ್ಯಾಸ

1. ದಿನಕ್ಕೆ 10 ರೂಪಾಯಿಯಂತೆ ಒಂದು ವರ್ಷ ಎತ್ತಿಟ್ಟರೆ ಎಷ್ಟು ಹಣವಾಗುವುದು? ಅದರಿಂದ ಸುಕನ್ಯಾ ಸಮೃದ್ಧಿ ಖಾತೆಯ ಕನಿಷ್ಠ ಕಂತನ್ನು ಎಷ್ಟು ವರ್ಷ ಕಟ್ಟಬಹುದು?

2. 2,000 ರೂಪಾಯಿಗೆ ಶೇಕಡಾ 7ರಂತೆ 3 ವರ್ಷಕ್ಕೆ ಸರಳಬಡ್ಡಿಯನ್ನೂ ಚಕ್ರಬಡ್ಡಿಯನ್ನೂ ಕಂಡುಹಿಡಿದು, ಅವುಗಳ ವ್ಯತ್ಯಾಸವನ್ನು ಹೇಳಿರಿ.

3. 25 ಜನರು ತಿಂಗಳಿಗೆ 2,000 ರೂಪಾಯಿ ಕಟ್ಟುವ ಚೀಟಿಯನ್ನು ಒಬ್ಬನು 10,000 ಬಿಟ್ಟುಕೊಟ್ಟು ಎತ್ತಿದನು. ದಲ್ಲಾಳಿ ಶೇಕಡಾ 5 ಆದರೆ ಪ್ರತಿಯೊಬ್ಬರ ಪಾಲಿಗೆ ಎಷ್ಟು ಬರುವುದು?

4. ನಿಮ್ಮ ಬಡಾವಣೆಯ ಒಂದು ಕಾಲೇಜಿಗೆ ಹೋಗಿ ಶುಲ್ಕ, ಪುಸ್ತಕ, ಬಸ್ ಪಾಸು, ಪರೀಕ್ಷಾ ಶುಲ್ಕ ಇವುಗಳನ್ನು ವಿಚಾರಿಸಿ, ಮೊದಲನೆಯ ವರ್ಷಕ್ಕೆ ಬೇಕಾಗುವ ಹಣದ ಪಟ್ಟಿಯನ್ನು ತಯಾರಿಸಿರಿ. ಅದನ್ನು ತರಗತಿಯಲ್ಲಿ ಓದಿ ಹೇಳಿರಿ.